ಎರಡು ಬಿಸಿಲು ಕಂಡ ಬಾಟಲಿ

1893ರಲ್ಲಿ ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ಕೊಯ್ಲು ಆಗಸ್ಟ್ 15ರ ಹೊತ್ತಿಗೇ ಶುರುವಾಯಿತು. ಆ ಕಾಲದಲ್ಲಿ ಅಲ್ಲಿ ಕೊಯ್ಲೆಂದರೆ ಸೆಪ್ಟೆಂಬರ್ ಕೊನೆಯ ಕೆಲಸ. ಆ ವರ್ಷ ವಸಂತದಿಂದಲೇ ಬಿಸಿಲು ಏರಿತ್ತು, ಬಳ್ಳಿ ಬೇಗ ಹೂ ಬಿಟ್ಟಿತ್ತು, ಬೆಳೆಯೂ ಹೇರಳವಾಗಿತ್ತು. ಅಷ್ಟು ಬೇಗ ಕೊಯ್ಲಿಗೆ ಇಳಿಯುವ ಪ್ರಸಂಗ ಮತ್ತೆ ಬಂದದ್ದು 110 ವರ್ಷಗಳ ನಂತರ, 2003ರಲ್ಲಿ.

ಬೋರ್ಡೋ ಎಂಬ ಹೆಸರು ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಹೊಸದಲ್ಲ. ಮಳೆಗಾಲದಲ್ಲಿ ಕೊಳೆರೋಗ ತಡೆಯಲು ಗೊನೆಗಳಿಗೆ ಹೊಡೆಯುವ ಮೈಲುತುತ್ತ ಮತ್ತು ಸುಣ್ಣದ ದ್ರಾವಣಕ್ಕೆ ಆ ಹೆಸರು ಬಂದದ್ದು ಆ ಊರಿನಿಂದಲೇ. ದ್ರಾಕ್ಷಿ ಎಲೆಗೆ ಹತ್ತುವ ಬೂಜನ್ನು ತಡೆಯಲು ಅಲ್ಲಿನ ಪ್ರಾಧ್ಯಾಪಕ ಮಿಲಾರ್ದೆ 1885ರಲ್ಲಿ ಅದನ್ನು ಪ್ರಕಟಿಸಿದರು. ಕಾಲು ಶತಮಾನದ ಆಚೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಅಡಿಕೆ ಮರಕ್ಕೆ ತಂದರು. ದ್ರಾವಣ ಕರ್ನಾಟಕದ ತೋಟಗಳಿಗೆ ಬಂತು. ಅದು ಕಾಪಾಡಿದ ದ್ರಾಕ್ಷಿಯ ಕೆಂಪು ರಸ ಬೇರೆ ದಾರಿಯಿಂದ, ಬೇರೆ ಜನರಿಗಾಗಿ ದಖ್ಖನಿಗೆ ಬಂತು. ಅದು ಬಂದು ಸೇರುತ್ತಿದ್ದ ಊರುಗಳಲ್ಲಿ ಒಂದು ಹೈದರಾಬಾದ್.

1893ರ ಸುಮಾರಿಗೆ ಹೈದರಾಬಾದಿನಲ್ಲಿ ಫಲಕ್‌ನುಮಾ ಅರಮನೆಯ ಕೆಲಸ ಮುಗಿಯುತ್ತಿತ್ತು. 1884ರಲ್ಲಿ ಪೈಗಾ ಮನೆತನದ ವಿಕಾರ್-ಉಲ್-ಉಮ್ರಾ ಬುನಾದಿ ಹಾಕಿಸಿದ ಕಟ್ಟಡ ಅದು. ಅಲ್ಲಿನ ಊಟದ ಮೇಜಿಗೆ 101 ಮಂದಿ ಒಟ್ಟಿಗೆ ಕೂರಬಹುದು. ಅಂಥ ಮೇಜಿನ ಮೇಲೆ ಯುರೋಪಿನ ಶಿಷ್ಟಾಚಾರದಂತೆ ಊಟ ಬಡಿಸುವಾಗ ಯಾವ ವರ್ಷದ ಬಾಟಲಿ ತೆರೆಯಬೇಕು ಎಂಬುದೂ ಪ್ರತಿಷ್ಠೆಯ ಮಾತು. ಬಾಟಲಿಯ ಮೇಲೆ ಅಚ್ಚಾದ ಇಸವಿ ಒಂದು ಬೇಸಿಗೆಯ ದಾಖಲೆ. ಆದರೆ ಹೈದರಾಬಾದ್ ತಲುಪಿದ ಬಾಟಲಿಯೊಳಗೆ ಇನ್ನೊಂದು ಬಿಸಿಲಿನ ದಾಖಲೆಯೂ ಸೇರುತ್ತಿತ್ತು, ಅದನ್ನು ಯಾರೂ ಚೀಟಿಯ ಮೇಲೆ ಬರೆಯುತ್ತಿರಲಿಲ್ಲ.

*

ಮೊದಲ ಬಿಸಿಲು ತೋಟದ್ದು. ದ್ರಾಕ್ಷಿ ಹಣ್ಣಾಗುವಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಸಿಹಿ ಏರುತ್ತದೆ, ಹುಳಿ ಇಳಿಯುತ್ತದೆ. ತಂಪಿನ ವರ್ಷದಲ್ಲಿ ಇವೆರಡೂ ನಿಧಾನ, ಹುಳಿ ಪೂರ್ತಿ ಇಳಿಯುವ ಮೊದಲೇ ಮಳೆ ಬಂದು ಕೊಯ್ಯಬೇಕಾಗುತ್ತದೆ. ಬಿಸಿ ವರ್ಷದಲ್ಲಿ ಸಿಹಿ ಓಡುತ್ತದೆ. ಹಸಿ ಮಾವಿನಲ್ಲೂ ಸೇಬಿನಲ್ಲೂ ಇರುವಂಥ ಮ್ಯಾಲಿಕ್ ಆಮ್ಲವನ್ನು ಹಣ್ಣು ಉಸಿರಾಡಿ ಸುಟ್ಟುಬಿಡುತ್ತದೆ. ಸಿಪ್ಪೆ ದಪ್ಪವಾಗುತ್ತದೆ, ಅದರಲ್ಲಿರುವ ಟ್ಯಾನಿನ್, ಅಂದರೆ ಒಗರಿನ ಅಂಶ, ಹೆಚ್ಚುತ್ತದೆ. ಸಿಹಿ ಹೆಚ್ಚಾದಷ್ಟೂ ಹುದುಗಿದ ಮೇಲೆ ಮದ್ಯಸಾರ ಹೆಚ್ಚು. ಬಿಸಿಲು ಒಂದು ಮಿತಿ ದಾಟಿತೋ, ಬಳ್ಳಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ಕೆಲಸ ನಿಲ್ಲಿಸುತ್ತದೆ. ಹಣ್ಣು ಆಗ ಮಾಗುವುದಿಲ್ಲ, ಬರೀ ಬತ್ತುತ್ತದೆ.

ಇಂಥ ವರ್ಷದ ಕೆಂಪು ವೈನ್ ಎಳೆಯದಾಗಿದ್ದಾಗ ಎಲ್ಲರಿಗೂ ಇಷ್ಟ. ಮೃದು, ದಪ್ಪ, ಸಿಹಿಯೇನೋ ಎನಿಸುವಂಥದ್ದು. ಪರೀಕ್ಷೆ ಇರುವುದು ಇಪ್ಪತ್ತು, ಮೂವತ್ತು ವರ್ಷದ ಮೇಲೆ. ಕಾಲ ಕಳೆದಂತೆ ಬಣ್ಣವೂ ಒಗರೂ ಒಂದಕ್ಕೊಂದು ಅಂಟಿ, ಭಾರವಾಗಿ, ಗಸಿಯಾಗಿ ತಳಕ್ಕೆ ಇಳಿಯುತ್ತವೆ. ನೇರಳೆ ಹಣ್ಣಿನ ಬಣ್ಣ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಹಸಿ ಹಣ್ಣಿನ ವಾಸನೆ ಹೋಗಿ ಅಂಜೂರ, ಒಣದ್ರಾಕ್ಷಿ, ಚರ್ಮ, ಹೊಗೆಸೊಪ್ಪು, ಒದ್ದೆ ಎಲೆಯ ವಾಸನೆ ಬರುತ್ತದೆ. ಈ ಎಲ್ಲವನ್ನೂ ಎತ್ತಿ ಹಿಡಿಯಬೇಕಾದದ್ದು ಹುಳಿ. ಬಿಸಿ ವರ್ಷದಲ್ಲಿ ಕಡಿಮೆಯಾದದ್ದೂ ಅದೇ.

ಇದನ್ನು ಅರ್ಥ ಮಾಡಿಕೊಳ್ಳಲು ಕನ್ನಡದ ಅಡುಗೆಮನೆಯ ಹುಣಸೆಹಣ್ಣು ಸಾಕು. ಹೊಸ ಹುಣಸೆ ಕೆಂಪು, ಹುಳಿ ಚುರುಕು. ವರ್ಷ ಕಳೆದ ಹುಣಸೆ ಕಪ್ಪು, ಸಾರಿನ ಬಣ್ಣವನ್ನೂ ಕಪ್ಪಾಗಿಸುತ್ತದೆ, ಆದರೆ ರುಚಿಗೆ ಆಳವಿದೆ. ಹಳೆಯದಾದರೂ ಅದರ ಹುಳಿ ಉಳಿದಿದೆ ಎಂಬುದೇ ಅದರ ಬೆಲೆ. ಹುಳಿ ಹೋಗಿ ಬರೀ ಕಪ್ಪು ಉಳಿದರೆ ಅದು ಹಳೆಯ ಹುಣಸೆಯಲ್ಲ, ಕೆಟ್ಟ ಹುಣಸೆ. ಹಳೆಯ ವೈನ್ ಮುಂದೆ ಕುಳಿತವರು ಹುಡುಕುವುದೂ ಇದೇ ಗೆರೆಯನ್ನು.

*

ಅಬಿಡ್ಸ್ ಒಬ್ಬ ಮನುಷ್ಯನ ಹೆಸರು. ಆಲ್ಬರ್ಟ್ ಅಬಿಡ್ ಆರನೆಯ ನಿಜಾಮ ಮಹಬೂಬ್ ಅಲಿ ಖಾನನ ಖಾಸಾ ಸೇವಕ. ಅರ್ಮೇನಿಯನ್ ಮೂಲದವನೆಂದು ಹೇಳುತ್ತಾರೆ. ನಿಜಾಮನ ಬಟ್ಟೆ, ಬೂಟು, ಗಡಿಯಾರಗಳ ಉಸ್ತುವಾರಿ ಆತನದು. ಒಮ್ಮೆ ತೊಟ್ಟ ಉಡುಪನ್ನು ಮತ್ತೆ ತೊಡದ ದೊರೆ, ಉಡುಪನ್ನು ಹೊರಗೆ ಸಾಗಿಸಿ ಮತ್ತೆ ದೊರೆಗೇ ಮಾರುವ ಸೇವಕ ಎಂಬ ಕಥೆ ಹೈದರಾಬಾದಿನಲ್ಲಿ ಇಂದಿಗೂ ನಗುನಗುತ್ತಾ ಹೇಳುವಂಥದ್ದು. ಕಥೆ ಹೇಗೂ ಇರಲಿ, 1891ರಲ್ಲಿ ಜೇಕಬ್ ಎಂಬ ವ್ಯಾಪಾರಿ ನಿಜಾಮನಿಗೆ ದೊಡ್ಡ ವಜ್ರವೊಂದನ್ನು ಮಾರಲು ಹೋಗಿ, ವ್ಯಾಜ್ಯ ಕಲ್ಕತ್ತೆಯ ನ್ಯಾಯಾಲಯದ ಮೆಟ್ಟಿಲೇರಿದಾಗ, ಆ ವ್ಯವಹಾರದ ನಡುವೆ ನಿಂತಿದ್ದವನು ಅಬಿಡ್ ಎಂಬುದು ದಾಖಲಾದ ಸಂಗತಿ.

ಆತ ಇಟ್ಟ ಅಂಗಡಿಯಿಂದ ಸುತ್ತಲಿನ ಪ್ರದೇಶಕ್ಕೆ ಹೆಸರು ಬಂತು. ಜಾಗ ವ್ಯಾಪಾರಕ್ಕೆ ಹೇಳಿ ಮಾಡಿಸಿದಂತಿತ್ತು. ಚಾರ್‌ಮಿನಾರಿನ ಹಳೆಯ ಊರು ಮೂಸಿ ನದಿಯ ಆಚೆ. ಈಚೆ ಕೋಠಿಯಲ್ಲಿ ಬ್ರಿಟಿಷ್ ರೆಸಿಡೆನ್ಸಿ, ಅದನ್ನು ಹೊಂದಿಕೊಂಡ ಬಜಾರು. ಇನ್ನೂ ಉತ್ತರಕ್ಕೆ ಸಿಕಂದರಾಬಾದಿನ ದಂಡು. ವಿಲಾಯಿತಿ ಸಾಮಾನು ಬೇಕಾದ ನವಾಬರು, ರೆಸಿಡೆನ್ಸಿಯ ಅಧಿಕಾರಿಗಳು, ದಂಡಿನ ಸಾಹೇಬರು ಇವರೆಲ್ಲರ ನಡುವೆ ಅಬಿಡ್ಸ್ ಇತ್ತು.

ಬ್ರಿಟಿಷರು ಕ್ಲಾರೆಟ್ ಎಂದು ಕರೆಯುತ್ತಿದ್ದ ಬೋರ್ಡೋದ ಕೆಂಪು ವೈನಿಗೆ ಇಲ್ಲಿನ ಚಾಕರರು ಇಟ್ಟ ಹೆಸರು ಲಾಲ್ ಶರಾಬ್. 1886ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ನಿಘಂಟಿನಲ್ಲಿ ಈ ಪದಕ್ಕೆ ಪ್ರತ್ಯೇಕ ಜಾಗವಿದೆ. ಅದು ಹೈದರಾಬಾದಿಗೆ ಬರುತ್ತಿದ್ದ ದಾರಿ ಕನ್ನಡ ನಾಡಿನೊಳಗಿಂದಲೇ ಹಾದುಹೋಗುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಹಡಗುಗಳು ಕೆಂಪು ಸಮುದ್ರದ ಕಾವನ್ನು ದಾಟಿ ಮುಂಬಯಿಗೆ ಬಂದವು. ಅಲ್ಲಿಂದ ಮದ್ರಾಸಿನ ರೈಲು ಮಾರ್ಗದಲ್ಲಿ ಸೋಲಾಪುರ, ಕಲಬುರಗಿ, ಶಹಾಬಾದ್, ವಾಡಿ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಶುರುವಾಯಿತು. ಬಿಸಿಲ ನಾಡೆಂದೇ ಹೆಸರಾದ ಕಲಬುರಗಿಯ ಬಯಲಿನಲ್ಲಿ ಗೂಡ್ಸ್ ಗಾಡಿಯೊಳಗೆ ಕಾದ ಪೆಟ್ಟಿಗೆಗಳು ಅಲ್ಲಿಂದ ನಿಜಾಮನ ರಾಜಧಾನಿಗೆ ಹೋದವು. ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಅವನ್ನು ಎತ್ತಿ ಇಳಿಸಿದ ಹಮಾಲರಿಗೆ ಒಳಗಿನ ಇಸವಿ ಗೊತ್ತಿರಲು ಕಾರಣವಿಲ್ಲ.

*

ಎರಡನೆಯ ಬಿಸಿಲು ದಾಸ್ತಾನಿನದ್ದು. ಕೆಂಪು ವೈನ್ ನಿಧಾನವಾಗಿ ಮಾಗಬೇಕಾದರೆ ಅದಕ್ಕೆ ವರ್ಷವಿಡೀ 12–13 ಡಿಗ್ರಿ ಸೆಲ್ಸಿಯಸ್‌ನ ತಂಪು ಬೇಕು, ಕತ್ತಲೆ ಬೇಕು, ಅಲುಗಾಟ ಇರಬಾರದು. ಬಾಟಲಿಯೊಳಗಿನ ರಾಸಾಯನಿಕ ಕ್ರಿಯೆಗಳು ಹತ್ತು ಡಿಗ್ರಿ ಏರಿದರೆ ಸುಮಾರು ಎರಡು ಪಟ್ಟು ವೇಗವಾಗುತ್ತವೆ. ಹೈದರಾಬಾದಿನಲ್ಲಿ ಹಗಲೂ ರಾತ್ರಿ 13 ಡಿಗ್ರಿಯಲ್ಲಿ ನಿಲ್ಲುವ ತಿಂಗಳು ಒಂದೂ ಇಲ್ಲ. ಮೇ ತಿಂಗಳಲ್ಲಿ ಪಾದರಸ 40 ದಾಟುವುದು ಸಾಮಾನ್ಯ. ಬಿಸಿಗೆ ರಸ ಹಿಗ್ಗಿ ಬಿರಡೆಯನ್ನು ಮೇಲಕ್ಕೆ ತಳ್ಳುತ್ತದೆ, ತಂಪಿಗೆ ಕುಗ್ಗಿದಾಗ ಸಂದಿನಿಂದ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಬಿರಡೆಯ ಪಕ್ಕದಲ್ಲಿ ಅಂಟಿದ ಕಪ್ಪು ಕಲೆ, ಕೆಳಗಿಳಿದ ರಸದ ಮಟ್ಟ ಇವು ಅದರ ಗುರುತು.

ಈ ಎರಡು ಬಿಸಿಲನ್ನು ನಾಲಿಗೆ ಬೇರೆ ಮಾಡಬಲ್ಲದು. ತೋಟದ ಬಿಸಿಲು ಕಂಡ ಹಳೆಯ ವೈನಿನಲ್ಲಿ ಒಣಹಣ್ಣಿನ ಸಿಹಿವಾಸನೆ ಇರುತ್ತದೆ, ದಪ್ಪ ಇರುತ್ತದೆ, ನುಂಗಿದ ಮೇಲೆ ಗಂಟಲಲ್ಲಿ ಮದ್ಯಸಾರದ ಕಾವು ಉಳಿಯುತ್ತದೆ, ಆದರೂ ಅದು ಹಣ್ಣಿನಿಂದ ಬಂದದ್ದು ಎಂದು ತಿಳಿಯುತ್ತದೆ. ದಾಸ್ತಾನಿನ ಬಿಸಿಲು ಕಂಡದ್ದರಲ್ಲಿ ಹಣ್ಣೇ ಇರುವುದಿಲ್ಲ. ಸೀದ ಬೆಲ್ಲದ ಪಾಕ, ಬೇಯಿಸಿದ ತೊಗಟೆ, ಕೊನೆಗೆ ವಿನೆಗರಿನ ಚುರುಕು. ಇಪ್ಪತ್ತು ವರ್ಷದಲ್ಲಿ ಆಗಬೇಕಾದದ್ದು ಮೂರು ಬೇಸಿಗೆಯಲ್ಲಿ ಆಗಿ ಮುಗಿದಿರುತ್ತದೆ, ಅದೂ ಬೇರೆ ಬಗೆಯಲ್ಲಿ. ಬಿಸಿ ವರ್ಷದ ವೈನಿಗೆ ಹುಳಿಯ ರಕ್ಷಣೆ ಮೊದಲೇ ಕಡಿಮೆ. ಬೋರ್ಡೋದ ಸುಡು ಬೇಸಿಗೆಯ ಬಾಟಲಿ ಹೈದರಾಬಾದಿನ ಕಪಾಟು ಸೇರಿದರೆ ಅದಕ್ಕೆ ಎರಡು ಪೆಟ್ಟು.

ದಖ್ಖನಿನ ಸಾಹೇಬರೂ ನವಾಬರೂ ಇದನ್ನು ಅರಿಯದವರಲ್ಲ. ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುವುದಿತ್ತು. ಕುಡಿಯುವ ನೀರನ್ನೂ ಬಾಟಲಿಗಳನ್ನೂ ತಂಪು ಮಾಡಲೆಂದೇ ಆಬ್ದಾರ್ ಎಂಬ ಚಾಕರನಿದ್ದ. ನೀರಿಗೆ ಪೆಟ್ಲುಪ್ಪು ಸುರಿದರೆ ಅದು ಕರಗುತ್ತಾ ನೀರಿನ ಕಾವನ್ನು ಹೀರುತ್ತದೆ, ಅದರಲ್ಲಿ ಬಾಟಲಿ ಅದ್ದಿ ತಿರುಗಿಸುವುದು ಆತನ ಕಸುಬು. 1833ರಲ್ಲಿ ಅಮೆರಿಕದ ಬೋಸ್ಟನ್‌ನಿಂದ ಕಲ್ಕತ್ತೆಗೆ ಹಡಗಿನಲ್ಲಿ ಐಸ್ ಬಂತು, ಮುಂದೆ ಮದ್ರಾಸಿನ ಕಡಲ ದಂಡೆಯಲ್ಲಿ ಐಸ್ ಹೌಸ್ ಎದ್ದಿತು. ಇವೆಲ್ಲ ಒಂದು ಸಂಜೆಯ ತಂಪಿಗೆ ಆಗುವ ಉಪಾಯಗಳು. ಇಪ್ಪತ್ತು ಬೇಸಿಗೆಯ ತಂಪನ್ನು ಪೆಟ್ಲುಪ್ಪಿನಿಂದ ಕೊಡಲಾಗದು. ಅದಕ್ಕೆ ಆಳದ ನೆಲಮಾಳಿಗೆ ಬೇಕು, ಫಲಕ್‌ನುಮಾದಂಥ ಅರಮನೆ ಬೇಕು.

ಭಾರತದ ಬ್ರಿಟಿಷರು ಬಹುಕಾಲ ಮದೀರಾ ವೈನನ್ನು ನೆಚ್ಚಿಕೊಂಡದ್ದಕ್ಕೂ ಇದೇ ಕಾರಣ. ಅದಕ್ಕೆ ಮದ್ಯಸಾರ ಬೆರೆಸಿ ಗಟ್ಟಿ ಮಾಡಿರುತ್ತಾರೆ. ಹಡಗಿನ ಹೊಟ್ಟೆಯಲ್ಲಿ ಉಷ್ಣವಲಯ ಸುತ್ತಿ ಬಂದರೆ ಅದು ಕೆಡುವ ಬದಲು ಸುಧಾರಿಸುತ್ತದೆ ಎಂಬುದನ್ನು ಕಂಡುಕೊಂಡ ವರ್ತಕರು ಬೇಕೆಂದೇ ಪೀಪಾಯಿಗಳನ್ನು ಇಂಡಿಯಾಗೆ ಕಳಿಸಿ ವಾಪಸು ತರಿಸಿಕೊಳ್ಳುತ್ತಿದ್ದರು.

*

ಅದೇ ರಾಜ್ಯದ ಉಳಿದವರು ಕುಡಿಯುತ್ತಿದ್ದದ್ದು ಸೇಂದಿ. ಈಚಲ ಮರದಿಂದ ಇಳಿಸಿದಾಗ ಬೆಳಗ್ಗೆ ಸಿಹಿ, ಹೊತ್ತೇರಿದಂತೆ ಹುಳಿ, ಮರುದಿನಕ್ಕೆ ಎಸೆಯುವ ವಸ್ತು. ಅದಕ್ಕೆ ಇಸವಿಯಿಲ್ಲ, ಇದ್ದರೆ ಗಂಟೆಯ ಲೆಕ್ಕ. ಸೇಂದಿ, ಸಾರಾಯಿಗಳ ಗುತ್ತಿಗೆಯಿಂದ ಬರುತ್ತಿದ್ದ ಆಬ್ಕಾರಿ ಹಣ ನಿಜಾಮನ ಬೊಕ್ಕಸದ ದೊಡ್ಡ ಆಧಾರಗಳಲ್ಲಿ ಒಂದು. ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳ ಹಳ್ಳಿಗಳಲ್ಲಿ ದಿನದ ಕೂಲಿಯ ಒಂದು ಪಾಲು ಸೇಂದಿಯ ಗಡಿಗೆಗೆ ಹೋಗಿ, ಅಲ್ಲಿಂದ ಗುತ್ತಿಗೆದಾರನ ಮೂಲಕ ರಾಜಧಾನಿಗೆ ಸೇರುತ್ತಿತ್ತು. ಆ ರಾಜಧಾನಿಯಲ್ಲಿ ಹಳೆಯ ವೈನ್ ತೆರೆಯುವುದೆಂದರೆ ಬಿಸಿಲನ್ನು ಇಪ್ಪತ್ತು ವರ್ಷ ಹೊರಗೆ ನಿಲ್ಲಿಸುವ ಶಕ್ತಿ ತನಗಿದೆ ಎಂದು ತೋರಿಸುವುದು. ಬಿಸಿಲು ಎಲ್ಲರಿಗೂ ಒಂದೇ, ನೆಲಮಾಳಿಗೆ ಎಲ್ಲರಿಗೂ ಇರಲಿಲ್ಲ.

ಹಾಗೆಂದು ದಖ್ಖನಿನಲ್ಲಿ ದ್ರಾಕ್ಷಿ ರಸ ವಿಲಾಯಿತಿಯಿಂದಲೇ ಬರಬೇಕಿತ್ತು ಎಂದಲ್ಲ. ಕಲಬುರಗಿಯಿಂದ ಆಳಿದ ಫಿರೋಜ್ ಶಾಹ ಬಹಮನಿ ಮದ್ಯಕ್ಕೂ ಸಂಗೀತಕ್ಕೂ ಸೋತಿದ್ದನೆಂದು ಇತಿಹಾಸಕಾರ ಫೆರಿಶ್ತಾ ಬರೆಯುತ್ತಾನೆ. 1666–67ರಲ್ಲಿ ಗೋಲ್ಕೊಂಡಕ್ಕೆ ಬಂದ ಫ್ರೆಂಚ್ ಪ್ರವಾಸಿ ಥೆವೆನೋ ಇನ್ನೂ ಉಪಯುಕ್ತವಾದ ಮಾತು ಬರೆದಿಟ್ಟಿದ್ದಾನೆ. ಆ ಸೀಮೆಯಲ್ಲಿ ದ್ರಾಕ್ಷಿ ಬಳ್ಳಿ ಬೇಕಾದಷ್ಟಿದೆ, ಹಣ್ಣು ಜನವರಿಯಲ್ಲಿ ಮಾಗುತ್ತದೆ, ಕೆಲವು ತೋಟಗಳಲ್ಲಿ ಏಪ್ರಿಲ್‌ವರೆಗೂ ಕೊಯ್ಯುತ್ತಾರೆ, ಬಿಳಿ ವೈನ್ ಮಾಡುತ್ತಾರೆ. ಕೊಯ್ಲಾದ ಮೇಲೆ ಬಳ್ಳಿಯನ್ನು ಸವರಿದರೆ ಬೇಸಿಗೆಯ ಕಾಲಕ್ಕೆ ಇನ್ನೊಮ್ಮೆ ಕಾಯಿ ಬರುತ್ತದೆ, ಆದರೆ ಅದು ಬರೀ ಹುಳಿ ರಸಕ್ಕೆ ಆಗುವಂಥದ್ದು.

ಬೋರ್ಡೋದ ಊರಿನವನಿಗೆ ಇದು ವಿಚಿತ್ರ. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ನಿದ್ದೆ ಹೋಗುತ್ತದೆ, ವಸಂತದಲ್ಲಿ ತಾನಾಗಿ ಎಚ್ಚರಾಗುತ್ತದೆ. ದಖ್ಖನಿನಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಅದನ್ನು ಮಲಗಿಸುವುದೂ ಎಬ್ಬಿಸುವುದೂ ಕತ್ತರಿ. ಉತ್ತರ ಕರ್ನಾಟಕದ ಬೆಳೆಗಾರರು ಚಾಟ್ನಿ ಎನ್ನುವ ಈ ಸವರುವಿಕೆ ಇಂದಿಗೂ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸಲು, ಅಕ್ಟೋಬರ್ ಚಾಟ್ನಿ ಹಣ್ಣು ಹಿಡಿಯಲು. ಮಳೆಗಾಲ ಮುಗಿದ ಮೇಲೆ ಹೂ, ಚಳಿಯಲ್ಲಿ ಕಾಯಿ, ಬೇಸಿಗೆ ಬೀಳುವ ಮೊದಲು ಕೊಯ್ಲು. ಮಳೆ ನಿಂತ ಮೇಲೆ ಎರೆ ಹೊಲದಲ್ಲಿ ಬಿತ್ತಿ, ನೆಲದ ತೇವ ನಂಬಿ ಚಳಿಗಾಲದಲ್ಲಿ ಬೆಳೆಯುವ ಬಿಳಿಜೋಳದ ಲೆಕ್ಕವೂ ಇದೇ. ದಖ್ಖನಿನ ದ್ರಾಕ್ಷಿ ಒಂದು ಹಿಂಗಾರಿ ಬೆಳೆ. ಇಲ್ಲಿ ಬಿಸಿ ವರ್ಷ ಅಪವಾದವಲ್ಲ, ಪ್ರತಿ ವರ್ಷವೂ ಬಿಸಿ ವರ್ಷವೇ. ಹಾಗಾಗಿ ಬೆಳೆಗಾರ ಹಣ್ಣನ್ನು ಬೇಸಿಗೆಯಿಂದ ಆಚೆ ಸರಿಸುವುದನ್ನು ಕಲಿತ.

ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಬೋರ್ಡೋದಲ್ಲಿ ಹಣ್ಣು ಮಾಗುವಾಗ ಹವೆ ತಂಪಿನ ಕಡೆಗೆ ತಿರುಗುತ್ತಿರುತ್ತದೆ. ಇಲ್ಲಿ ಫೆಬ್ರವರಿ, ಮಾರ್ಚ್ ಕಳೆದಂತೆ ಬಿಸಿಲು ಏರುತ್ತಿರುತ್ತದೆ. ಅಲ್ಲಿ ತಡ ಮಾಡಿದರೆ ಮಳೆಯ ಭಯ, ಇಲ್ಲಿ ತಡ ಮಾಡಿದರೆ ಬೇಸಿಗೆಯ ಭಯ. 1890ರ ಸುಮಾರಿಗೆ ಅಬ್ದುಲ್ ಬಾಕರ್ ಖಾನ್ ಹೈದರಾಬಾದಿಗೆ ತಂದ ಅನಾಬ್-ಎ-ಶಾಹಿ ತಳಿ ಈ ಹವೆಗೆ ಒಗ್ಗಿ ದಕ್ಷಿಣ ಭಾರತವೆಲ್ಲ ಹರಡಿತು. ಅದು ತಿನ್ನುವ ಹಣ್ಣು. ಅಬಿಡ್‌ನ ಕಾಲದಲ್ಲೇ ಊರಿನ ಸುತ್ತ ಸ್ವಂತ ದ್ರಾಕ್ಷಿ ಬೇರೂರುತ್ತಿತ್ತು, ನವಾಬರ ಮೇಜಿನ ಕೆಂಪು ವೈನ್ ಮಾತ್ರ ವಾಡಿಯ ರೈಲಿನಲ್ಲೇ ಬರಬೇಕಿತ್ತು.

*

ಬೋರ್ಡೋದ ಬಿಸಿ ವರ್ಷಗಳಲ್ಲಿ ಅತಿ ಹೆಸರಾದದ್ದು 1947. ಶೆವಾಲ್ ಬ್ಲಾಂಕ್ ಎಂಬ ತೋಟದ ಆ ವರ್ಷದ ವೈನ್ ಶಾಸ್ತ್ರದ ಪ್ರಕಾರ ತಪ್ಪುಗಳ ಮೂಟೆ. ಮದ್ಯಸಾರ ಶೇ. 14ಕ್ಕಿಂತ ಹೆಚ್ಚು, ಹುದುಗದೆ ಉಳಿದ ಸಿಹಿ, ವಿನೆಗರಿನ ಅಂಶ. ತೊಟ್ಟಿಯ ಕಾವನ್ನು ಹಿಡಿತದಲ್ಲಿಡುವ ಯಂತ್ರ ಅಲ್ಲಿ ಆಗ ಇರಲಿಲ್ಲ. ಆದರೂ ದಶಕಗಳ ನಂತರ ತೆರೆದವರು ಅದನ್ನು ಶತಮಾನದ ಶ್ರೇಷ್ಠ ವೈನ್‌ಗಳ ಸಾಲಿಗೆ ಸೇರಿಸಿದರು. ತಂಪಾದ ನೆಲಮಾಳಿಗೆ ಆ ತಪ್ಪುಗಳಿಗೆ ಒಂದಕ್ಕೊಂದು ಹೊಂದಿಕೊಳ್ಳುವಷ್ಟು ಸಮಯ ಕೊಟ್ಟಿತು. ಅದೇ ಬೇಸಿಗೆಯ ಕೊನೆಗೆ ಭಾರತ ಸ್ವತಂತ್ರವಾಯಿತು. ಹೈದರಾಬಾದ್ ಆಗಲಿಲ್ಲ. ಕಲಬುರಗಿ, ರಾಯಚೂರು, ಬೀದರದ ಕನ್ನಡಿಗರು 1948ರ ಸೆಪ್ಟೆಂಬರ್ 17ರವರೆಗೆ ಕಾದರು. ಅವರು ಕಾದ ಆ 13 ತಿಂಗಳು ರಜಾಕಾರರ ಹಾವಳಿಯಲ್ಲಿ ಕಳೆದವು. ನವಾಬರ ಜಾಗೀರುಗಳೂ ಅದರ ಬೆನ್ನಿಗೇ ಹೋದವು.

2003ರ ಬಿಸಿಲಿನಲ್ಲಿ ವೈನಿಗಿಂತ ಮೊದಲು ಜನರ ಸಾವಿನ ಲೆಕ್ಕ ಬರಬೇಕು. ಆ ಆಗಸ್ಟ್‌ನಲ್ಲಿ ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಜನ ಬಿಸಿಗಾಳಿಗೆ ಸತ್ತರು, ಬಹಳಷ್ಟು ಮಂದಿ ಒಂಟಿಯಾಗಿದ್ದ ವೃದ್ಧರು. ಅದಕ್ಕೆ ಕೆಲವೇ ತಿಂಗಳ ಹಿಂದೆ ಹೈದರಾಬಾದ್ ರಾಜಧಾನಿಯಾಗಿದ್ದ ಆಂಧ್ರಪ್ರದೇಶದಲ್ಲಿ ಸಾವಿರಕ್ಕೂ ಹೆಚ್ಚು ಜನ ಬಿಸಿಲಿಗೆ ಬಲಿಯಾಗಿದ್ದರು. ವೈನ್ ಲೋಕದಲ್ಲಿ ಆ ವರ್ಷ ನೆನಪಿರುವುದು ಪಾವಿ ಎಂಬ ತೋಟದ ವೈನ್ ಕುರಿತ ಜಗಳದಿಂದ. ಅಮೆರಿಕದ ರಾಬರ್ಟ್ ಪಾರ್ಕರ್ ಅದನ್ನು ಕೊಂಡಾಡಿದರು, ಇಂಗ್ಲೆಂಡಿನ ಜ್ಯಾನ್ಸಿಸ್ ರಾಬಿನ್ಸನ್ 20ಕ್ಕೆ 12 ಅಂಕ ಕೊಟ್ಟರು. ಬಿಸಿಲಿನ ದಪ್ಪವೇ ಗುಣವೋ, ಅದು ಹಣ್ಣಿನ ಮುಖವನ್ನು ಮುಚ್ಚುವ ದೋಷವೋ ಎಂಬುದು ಜಗಳದ ತಿರುಳು. ವರ್ಷಗಳು ಕಳೆದ ಮೇಲೆ ಆ ಬೇಸಿಗೆಯಿಂದ ಚೆನ್ನಾಗಿ ಉಳಿದು ಬಂದವು ಹೆಚ್ಚಾಗಿ ಸೇಂತ್ ಎಸ್ತೆಫ್‌ನಂಥ, ಜೇಡಿ ನೆಲವಿರುವ ಊರಿನವು. ತೇವ ಹಿಡಿದಿಟ್ಟ ನೆಲ ಬಳ್ಳಿಗೆ ಕಡೆಯತನಕ ನೀರು ಕೊಟ್ಟಿತ್ತು. ಎರೆ ಭೂಮಿಯ ಜೋಳದ ರೈತನಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

*

ಕೊಪ್ಪಳ ಒಂದು ಕಾಲಕ್ಕೆ ಹೈದರಾಬಾದಿನ ಸಾಲಾರ್ ಜಂಗ್ ಮನೆತನದ ಜಾಗೀರು. ಅಲ್ಲಿನ ಕಂದಾಯ ರಾಜಧಾನಿಗೆ ಹೋಗುತ್ತಿತ್ತು. ಈಗ ಅದೇ ಜಿಲ್ಲೆಯ ಹಂಪಿ ಕಡೆಯ ಗುಡ್ಡಗಳಲ್ಲಿ ಹೈದರಾಬಾದಿನ ಉದ್ಯಮಿ ದಂಪತಿ ಕಟ್ಟಿದ ಕೃಸ್ಮಾ ಎಸ್ಟೇಟ್ಸ್ ಇದೆ. ಬೋರ್ಡೋದ ಕ್ಯಾಬರ್ನೆ ಸುವಿನ್ಯೋನ್, ಇಟಲಿಯ ಸಾಂಜೊವೇಸೆ ತಳಿಗಳನ್ನು ಬಂಡೆಗಳ ನಡುವೆ ಬೆಳೆದು ಕೆಂಪು ವೈನ್ ಮಾಡುತ್ತಾರೆ. ಅದಕ್ಕೂ ಮೊದಲೇ, 1988ರಲ್ಲಿ, ನಂದಿ ಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಕುಟುಂಬ ಫ್ರೆಂಚ್ ತಳಿಗಳನ್ನು ನೆಟ್ಟಿತ್ತು. 2007ರಲ್ಲಿ ಕರ್ನಾಟಕ ಸರ್ಕಾರ ವೈನ್ ನೀತಿಯನ್ನು ತಂದು ಇಂಥ ಬೆಳೆಗೆ ದಾರಿ ಮಾಡಿತು. ಇವೆಲ್ಲ ನಿಂತಿರುವುದು ಥೆವೆನೋ ಕಂಡ ಕತ್ತರಿಯ ಲೆಕ್ಕದ ಮೇಲೆಯೇ. ದಖ್ಖನಿನ ಕೆಂಪು ವೈನನ್ನು ಇಪ್ಪತ್ತು, ಮೂವತ್ತು ವರ್ಷ ಕಾದು ತೆರೆಯುವ ರೂಢಿ ಮಾತ್ರ ಇನ್ನೂ ಬೆಳೆದಿಲ್ಲ. ತೋಟದ ಬಿಸಿಲಿಗೆ ಈ ಸೀಮೆ ಉತ್ತರ ಕಂಡುಕೊಂಡಿದೆ. ದಾಸ್ತಾನಿನ ಬಿಸಿಲಿಗೆ ಇನ್ನೂ ಇಲ್ಲ. ಅತ್ತ ಬೋರ್ಡೋದಲ್ಲಿ ಕೊಯ್ಲು ವರ್ಷದಿಂದ ವರ್ಷಕ್ಕೆ ಮುಂಚೆ ಬರುತ್ತಿದೆ. 1893ರಲ್ಲಿ ಅಚ್ಚರಿಯಾಗಿದ್ದದ್ದು ಅಲ್ಲಿನವರಿಗೆ ಈಗ ಅಭ್ಯಾಸವಾಗುತ್ತಿದೆ.

ಇಂದಿನ ಅಬಿಡ್ಸ್‌ನಲ್ಲಿ ದೊಡ್ಡ ಅಂಚೆ ಕಚೇರಿಯಿದೆ, ಭಾನುವಾರ ಮುಚ್ಚಿದ ಅಂಗಡಿಗಳ ಮುಂದೆ ಹಳೆಯ ಪುಸ್ತಕಗಳ ಸಂತೆ ನೆರೆಯುತ್ತದೆ. ಪುಸ್ತಕ ಹಳೆಯದಾದರೆ ಬೆಲೆ ಇಳಿಯುವ ಜಾಗ ಅದು. ಹೈದರಾಬಾದಿನಲ್ಲಿ 'ವೈನ್ಸ್' ಎಂಬ ಫಲಕ ಹೊತ್ತ ಅಂಗಡಿಯಲ್ಲಿ ವಿಸ್ಕಿ, ಬ್ರಾಂಡಿ, ಬಿಯರ್ ಸಿಗುತ್ತವೆ. ಬಿಯರ್ ಫ್ರಿಜ್ಜಿನಲ್ಲಿ ತಣ್ಣಗಿರುತ್ತದೆ. ಫಲಕಕ್ಕೆ ಹೆಸರು ಕೊಟ್ಟ ವೈನ್ ಇದ್ದರೆ ಮೇಲಿನ ಮೂಲೆಯ ಹಲಗೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಏಪ್ರಿಲ್‌ನ ಕಾವಿನಲ್ಲಿ ನೆಟ್ಟಗೆ ನಿಂತಿರುತ್ತದೆ.